ಅಡುಗೆಮನೆಯ ಸಾಮಾನು ಮತ್ತು ಚಿತ್ರಕಾರನ ಕಣ್ಣು

ಬಾನುಲಿಯಲ್ಲಿ ಚಿತ್ರಕಲೆಯ ಬಗ್ಗೆ ಮಾತನಾಡುವವನ ಸ್ಥಿತಿ ಕತ್ತಲೆಯಲ್ಲಿ ಊಟ ಬಡಿಸುವವನ ಸ್ಥಿತಿಯಂತೆ. ಬಡಿಸುತ್ತಿರುವುದು ಏನೆಂದು ಅವನಿಗೆ ಗೊತ್ತು. ಎಲೆಯ ಮುಂದೆ ಕುಳಿತವರಿಗೆ ಕಾಣದು. ಆದರೂ ನಾನು ಈ ಹೊತ್ತು ಆರಿಸಿಕೊಂಡಿರುವ ವಿಷಯದಲ್ಲಿ ಈ ತೊಡಕು ಅಷ್ಟಾಗಿ ಬಾಧಿಸಲಾರದೆಂದು ನಂಬಿದ್ದೇನೆ. ಏಕೆಂದರೆ ನಾನು ಹೇಳಹೊರಟಿರುವ ಚಿತ್ರಗಳಲ್ಲಿ ಇರುವುದು ಒಂದು ಲೋಟ ನೀರು, ಮೂರು ಗಡ್ಡೆ ಬೆಳ್ಳುಳ್ಳಿ, ಒಂದು ಕುಟ್ಟಾಣಿ, ತಾಮ್ರದ ಪಾತ್ರೆ, ಒಂದು ಬುಟ್ಟಿ ಹಣ್ಣು—ಇಂಥವೇ. ಇವನ್ನು ಕಣ್ಣಮುಂದೆ ತಂದುಕೊಳ್ಳಲು ಯಾರಿಗೂ ಶ್ರಮವಿಲ್ಲ. ಶ್ರಮವಿರುವುದು ಇನ್ನೊಂದು ಪ್ರಶ್ನೆಗೆ ಉತ್ತರ ಹೇಳುವುದರಲ್ಲಿ. ಇವನ್ನು ಒಬ್ಬ ಕಲಾವಿದ ಏಕೆ ಚಿತ್ರಿಸಬೇಕು? ಚಿತ್ರಿಸಿದರೆ ನಾವು ಏಕೆ ನೋಡಬೇಕು?

ಮೊದಲು ಹೆಸರಿನ ವಿಚಾರ. ಇಂಥ ಚಿತ್ರಗಳಿಗೆ ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಡಚ್ಚರು ‘ಸ್ಟಿಲ್‌ಲೇವನ್’ ಎಂದು ಹೆಸರಿಟ್ಟರು. ಅಲುಗದೆ ನಿಂತ ಬದುಕು ಎಂದು ಅದರ ಅರ್ಥ. ಇಂಗ್ಲಿಷರು ಅದನ್ನೇ ‘ಸ್ಟಿಲ್ ಲೈಫ್’ ಎಂದು ತಂದುಕೊಂಡರು. ಫ್ರೆಂಚರು ಮಾತ್ರ ‘ನಾತ್ಯೂರ್ ಮೋರ್ತ್’, ಅಂದರೆ ಸತ್ತ ಪ್ರಕೃತಿ, ಎಂದು ಕರೆದರು. ಒಬ್ಬರ ಕಣ್ಣಿಗೆ ಬದುಕಾಗಿ ಕಂಡದ್ದು ಇನ್ನೊಬ್ಬರಿಗೆ ಶವವಾಗಿ ಕಂಡಿತೆನ್ನೋಣವೆ? ಕನ್ನಡದಲ್ಲಿ ‘ಸ್ತಬ್ಧಚಿತ್ರ’ ಎನ್ನಲು ಹೋದರೆ ಕೇಳುವವರಿಗೆ ದಸರೆಯ ಮೆರವಣಿಗೆ ನೆನಪಾಗುತ್ತದೆ. ಆದುದರಿಂದ ‘ವಸ್ತುಚಿತ್ರ’ ಎಂಬ ಸರಳವಾದ ಮಾತನ್ನೇ ನಾನು ಬಳಸುತ್ತೇನೆ. ಶಾಲೆಯ ಡ್ರಾಯಿಂಗ್ ತರಗತಿಯಲ್ಲಿ ಸ್ಟೂಲಿನ ಮೇಲೆ ಒಂದು ಚೊಂಬನ್ನೂ ಎರಡು ಬದನೆಕಾಯಿಯನ್ನೂ ಇಟ್ಟು ನಮ್ಮಿಂದ ಬರೆಸುತ್ತಿದ್ದರಲ್ಲ, ಅದೇ ಇದು. ಕಲಿಯುವ ಹುಡುಗರ ಅಭ್ಯಾಸವೆಂದೇ ನಮ್ಮಲ್ಲಿ ಅನೇಕರು ಇದನ್ನು ಬಗೆದಿರುವುದಕ್ಕೆ ಆ ಚೊಂಬು ಬದನೆಕಾಯಿಗಳೇ ಕಾರಣವಿರಬೇಕು.

ಈ ತಾತ್ಸಾರ ಬಹಳ ಹಳೆಯದು. ಕ್ರಿ. ಶ. ಒಂದನೆಯ ಶತಮಾನದಲ್ಲಿದ್ದ ರೋಮಿನ ಪ್ಲಿನಿ, ಪೈರೈಕಸ್ ಎಂಬ ಚಿತ್ರಕಾರನೊಬ್ಬನ ಸಂಗತಿಯನ್ನು ಹೇಳುತ್ತಾನೆ. ಕ್ಷೌರದಂಗಡಿ, ಚಮ್ಮಾರರ ಮಳಿಗೆ, ಕತ್ತೆ, ತಿನಿಸು—ಇವೇ ಅವನ ವಸ್ತುಗಳು. ಜನ ಅವನಿಗೆ ‘ಕೊಳಕಿನ ಚಿತ್ರಕಾರ’ ಎಂಬ ಅರ್ಥದ ಅಡ್ಡಹೆಸರಿಟ್ಟರು. ಆದರೆ ಅವನ ಪುಟ್ಟ ಚಿತ್ರಗಳು ಅನೇಕ ಘನ ಕಲಾವಿದರ ದೊಡ್ಡ ಚಿತ್ರಗಳಿಗಿಂತ ಹೆಚ್ಚಿನ ಬೆಲೆಗೆ ಹೋಗುತ್ತಿದ್ದುವೆಂದೂ ಪ್ಲಿನಿ ಸೇರಿಸುತ್ತಾನೆ. ಹೆಸರು ಕೆಟ್ಟದ್ದು, ಬೆಲೆ ಒಳ್ಳೆಯದು. ಈ ವಿರೋಧ ವಸ್ತುಚಿತ್ರದ ಹಣೆಯಲ್ಲಿ ಅಂದೇ ಬರೆದಂತಿದೆ.

ಹದಿನೇಳನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಹಲವು ಕಡೆ ವಸ್ತುಚಿತ್ರ ಒಮ್ಮೆಗೇ ತಲೆಯೆತ್ತಿತು. ಎರಡು ಉದಾಹರಣೆಗಳನ್ನಷ್ಟೇ ಹೇಳುತ್ತೇನೆ. ಸ್ಪೇನಿನ ತೊಲೇದೊ ನಗರದಲ್ಲಿದ್ದ ಸಾಂಚೆಸ್ ಕೊತಾನ್ ಎಂಬಾತ 1602ರ ಸುಮಾರಿಗೆ ಬರೆದ ಚಿತ್ರದಲ್ಲಿ ಒಂದು ಕಲ್ಲಿನ ಕಿಟಕಿ. ಅದರ ಹಿಂದೆ ಗಾಢವಾದ ಕತ್ತಲೆ. ಮೇಲಿನಿಂದ ದಾರದಲ್ಲಿ ಒಂದು ಕ್ವಿನ್ಸ್ ಹಣ್ಣು ತೂಗುತ್ತಿದೆ. ಅದಕ್ಕಿಂತ ತುಸು ಕೆಳಗೆ ಒಂದು ಎಲೆಕೋಸು. ಕಿಟಕಿಯ ಹಾಸಿನ ಮೇಲೆ ಕೊಯ್ದ ಕರಬೂಜ, ಅದರಾಚೆ ಅಂಚಿನಿಂದ ನಮ್ಮೆಡೆಗೆ ಚಾಚಿಕೊಂಡ ಒಂದು ಸೌತೆಕಾಯಿ. ಕೆಡದಿರಲೆಂದು ತರಕಾರಿಯನ್ನು ತೂಗುಹಾಕುವುದು ಅಲ್ಲಿನ ಮನೆವಾರ್ತೆಯ ರೂಢಿ. ಆದರೆ ಆ ಕತ್ತಲೆಯ ಮುಂದೆ, ಆ ಬೆಳಕಿನಲ್ಲಿ, ಎಲೆಕೋಸಿಗೆ ಗ್ರಹಗೋಳದ ಗಾಂಭೀರ್ಯ ಬಂದುಬಿಟ್ಟಿದೆ. ಕೆಲಕಾಲದಲ್ಲೇ ಈ ಕಲಾವಿದ ಮಾಂಸಾಹಾರವನ್ನು ವರ್ಜಿಸಿದ ಕಾರ್ತೂಸಿಯನ್ ಪಂಥದ ಮಠವನ್ನು ಸೇರಿದ. ಚಿತ್ರವನ್ನು ನೋಡಿದವರಿಗೆ ಅದೇನೂ ಆಶ್ಚರ್ಯವೆನಿಸದು.

ಎರಡನೆಯದು ಹಾಲೆಂಡಿನ ಪೀಟರ್ ಕ್ಲಾಸ್ 1627ರಲ್ಲಿ ಬರೆದ ಚಿತ್ರ. ಇದು ಸಿರಿವಂತರ ಮೇಜು. ಗರಿ ಸಿಕ್ಕಿಸಿದ ಟರ್ಕಿ ಕೋಳಿಯ ಕಡುಬು, ಚೀಣೀ ಪಿಂಗಾಣಿಯ ಬಟ್ಟಲು, ಸಿಪ್ಪೆ ಸುಲಿದ ನಿಂಬೆ. ಇವುಗಳ ನಡುವೆ, ಪಂಚಾಂಗದ ಹಾಳೆಯೊಂದನ್ನು ಸುರುಳಿ ಸುತ್ತಿ ಮಾಡಿದ ಪೊಟ್ಟಣ. ಅದರೊಳಗೆ ಉಪ್ಪು, ಮೆಣಸು. ಹಳೆಯ ಪಂಚಾಂಗದ ಹಾಳೆಯಲ್ಲಿ ಪೊಟ್ಟಣ ಕಟ್ಟುವುದು ನಮ್ಮ ಅಂಗಡಿಗಳಿಗೆ ಮಾತ್ರ ಮೀಸಲಾದ ವಿದ್ಯೆಯಲ್ಲವೆಂದು ತಿಳಿದು ಯಾರಿಗಾದರೂ ಸಂತೋಷವಾದೀತು. ಆ ಮೆಣಸು ಹಡಗುಗಳಲ್ಲಿ ಪೂರ್ವದೇಶಗಳಿಂದ ಹೋದದ್ದು. ನಮ್ಮ ಪಶ್ಚಿಮ ಕರಾವಳಿಯ ಬಂದರುಗಳೂ ಆ ವ್ಯಾಪಾರದ ದಾರಿಯಲ್ಲಿದ್ದುವು. ಮೇಜಿನ ಮೇಲಿನ ಒಂದು ಚಿಟಿಕೆ ಕಾಳಿನಲ್ಲಿ ಎಷ್ಟು ದೂರ ಅಡಗಿದೆಯೆಂಬುದನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಹೀಗೆ ವಸ್ತುಚಿತ್ರಕ್ಕೆ ಕೊಳ್ಳುವವರು ಹೆಚ್ಚಿದರೂ ವಿದ್ವಾಂಸರು ಒಲಿಯಲಿಲ್ಲ. 1648ರಲ್ಲಿ ಪ್ಯಾರಿಸ್ಸಿನಲ್ಲಿ ರಾಜಾಶ್ರಯದ ಚಿತ್ರ–ಶಿಲ್ಪ ಅಕಾಡೆಮಿ ಹುಟ್ಟಿತು. 1667ರಲ್ಲಿ ಅಲ್ಲಿ ನಡೆದ ಉಪನ್ಯಾಸಗಳ ಸಂಗ್ರಹಕ್ಕೆ ಮುನ್ನುಡಿ ಬರೆದ ಫೆಲಿಬಿಯಾನ್ ಎಂಬ ಪಂಡಿತ ಚಿತ್ರಗಳಿಗೊಂದು ಸೋಪಾನವನ್ನೇ ಕಟ್ಟಿದ. ತೀರ ಕೆಳಗಿನ ಮೆಟ್ಟಿಲಲ್ಲಿ ಹಣ್ಣು, ಹೂವು, ಚಿಪ್ಪುಗಳನ್ನು ಬರೆಯುವವರು. ಅವರ ಮೇಲೆ ನಿಸರ್ಗದೃಶ್ಯದವರು. ಅದಕ್ಕೂ ಮೇಲೆ ಜೀವಂತ ಪ್ರಾಣಿಗಳನ್ನು ಬರೆಯುವವರು. ಆಮೇಲೆ ಮನುಷ್ಯರ ಭಾವಚಿತ್ರದವರು. ತುತ್ತತುದಿಯಲ್ಲಿ ಪುರಾಣ, ಇತಿಹಾಸ, ಮಹಾಪುರುಷರ ಚರಿತ್ರೆಗಳನ್ನು ಬರೆಯುವವರು. ಮನುಷ್ಯ ಭಗವಂತನ ಪರಮಸೃಷ್ಟಿ. ಆದುದರಿಂದ ಅವನ ಮಹತ್ಕಾರ್ಯಗಳನ್ನು ಚಿತ್ರಿಸುವವನೇ ಪರಮ ಕಲಾವಿದ. ತರ್ಕ ನೇರವಾಗಿದೆ. ಇದರಂತೆ, ಚಿತ್ರದ ಬೆಲೆಯನ್ನು ನಿಶ್ಚಯಿಸುವುದು ಚಿತ್ರಿತವಾದ ವಸ್ತುವಿನ ಬೆಲೆ. ಮಾನವನಿಲ್ಲದ, ಕತೆಯಿಲ್ಲದ, ನೀತಿಯಿಲ್ಲದ ಒಂದು ಮಡಕೆಯ ಚಿತ್ರಕ್ಕೆ ಎಲ್ಲಿಯ ಘನತೆ?

ಈ ತರ್ಕಕ್ಕೆ ಒಂದು ಮಾತಿನ ಉತ್ತರವನ್ನೂ ಕೊಡದೆ, ಕೆಳಗಿನ ಮೆಟ್ಟಿಲಲ್ಲೇ ನಿಂತು ಅದನ್ನು ಅಲುಗಿಸಿದವನು ಝ್ಯಾಂ ಸಿಮೆಯೋಂ ಶಾರ್ದ್ಯಾಂ. 1699ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ. ತಂದೆ ಬಿಲಿಯರ್ಡ್ಸ್ ಮೇಜುಗಳನ್ನು ಮಾಡುತ್ತಿದ್ದ ಬಡಗಿ. ಪುರಾಣಚಿತ್ರಗಳಿಗೆ ಬೇಕಾದ ಲ್ಯಾಟಿನ್ ಪಾಂಡಿತ್ಯ ಹುಡುಗನಿಗೆ ದೊರೆಯಲಿಲ್ಲ. 1728ರ ಬೇಸಿಗೆಯಲ್ಲಿ, ಹಬ್ಬದ ದಿನ ಪ್ಲಾಸ್ ದೋಫಿನ್ ಎಂಬ ಚೌಕದಲ್ಲಿ ತರುಣ ಕಲಾವಿದರು ಬಯಲಲ್ಲಿ ಚಿತ್ರಗಳನ್ನು ತೂಗುಹಾಕುವ ರೂಢಿಯಂತೆ, ತನ್ನವನ್ನೂ ತೂಗುಹಾಕಿದ. ಅವುಗಳಲ್ಲೊಂದು ‘ರೇ ಮೀನು’. ನಮ್ಮ ಕರಾವಳಿಯವರು ತೊರಕೆ ಎನ್ನುವ ಜಾತಿಗೆ ಸೇರಿದ ಮೀನು, ಹೊಟ್ಟೆ ಸೀಳಿ ಕೊಕ್ಕೆಗೆ ಹಾಕಿದ್ದು. ಅದರ ಬಾಯಿ ಮೂಗುಗಳು ಸೇರಿ ನರಳುವ ಮನುಷ್ಯನ ಮುಖದಂತೆ ಕಾಣುತ್ತವೆ. ಕೆಳಗೆ ಸಿಂಪಿಗಳ ಮೇಲೆ ಕಾಲಿಟ್ಟು ಮೈ ನಿಮಿರಿಸಿ ನಿಂತ ಒಂದು ಬೆಕ್ಕು; ಇತ್ತ ಹೂಜಿ, ಚಾಕು, ಮಡಿಕೆ ಬಿದ್ದ ಬಟ್ಟೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಸ್ವೀಕರಿಸಿತು. ದಾಖಲೆಯಲ್ಲಿ ಬರೆದದ್ದು ಮಾತ್ರ ‘ಪ್ರಾಣಿ ಮತ್ತು ಹಣ್ಣುಗಳ ಚಿತ್ರಣದಲ್ಲಿ ನುರಿತವನು’ ಎಂದು. ಬಾಗಿಲು ತೆರೆಯಿತು, ಜೊತೆಗೆ ಕೂರಬೇಕಾದ ಜಾಗವೂ ಯಾವುದೆಂದು ಗೊತ್ತಾಯಿತು.

ನಡುವಯಸ್ಸಿನಲ್ಲಿ ಅವನು ಮನುಷ್ಯರನ್ನೂ ಚಿತ್ರಿಸಿದ. ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುವ ಮಕ್ಕಳು, ಪೇಟೆಯಿಂದ ರೊಟ್ಟಿ ಹೊತ್ತು ಬಂದು ಒಂದು ಕ್ಷಣ ನಿಂತ ಕೆಲಸದ ಹೆಂಗಸು. ದೊರೆ ಹದಿನೈದನೆಯ ಲೂಯಿಗೂ ಒಂದು ಚಿತ್ರ ಸಂದಿತು. 1757ರಲ್ಲಿ ಲೂವ್ರ್ ಅರಮನೆಯಲ್ಲೇ ವಸತಿ ದೊರೆಯಿತು. ಇಷ್ಟಾದ ಮೇಲೂ ಅವನು ಮತ್ತೆ ಹೊರಳಿದ್ದು ಪಾತ್ರೆ ಹಣ್ಣುಗಳ ಕಡೆಗೇ.

ಅವನ ಒಂದೆರಡು ಚಿತ್ರಗಳ ಮುಂದೆ ತುಸು ನಿಲ್ಲೋಣ. 1734ರ ಸುಮಾರಿನ ‘ತಾಮ್ರದ ನೀರಿನ ಹಂಡೆ’ ಒಂದು ಗೇಣಿಗಿಂತ ಸ್ವಲ್ಪ ಎತ್ತರದ ಹಲಗೆಯ ಮೇಲಿನ ಚಿತ್ರ. ಮೂರು ಕಾಲಿನ ಮರದ ಪೀಠದ ಮೇಲೆ ಕುಳಿತ ದೊಡ್ಡ ತಾಮ್ರದ ಹಂಡೆ. ಅದಕ್ಕೊಂದು ಹಿತ್ತಾಳೆಯ ನಲ್ಲಿ. ಪಕ್ಕದಲ್ಲಿ ಬಕೀಟು, ಹೂಜಿ, ಒಂದು ಸೌಟು. ಅಷ್ಟೆ. ಮನೆಮನೆಗೆ ನಲ್ಲಿಯಿಲ್ಲದ ಪ್ಯಾರಿಸ್ಸಿನಲ್ಲಿ ನದಿಯಿಂದಲೋ ಬೀದಿಯ ಕಾರಂಜಿಯಿಂದಲೋ ಹೊತ್ತು ತಂದ ನೀರನ್ನು ಇದರಲ್ಲಿ ತುಂಬಿಡುತ್ತಿದ್ದರು. ಹಂಡೆಯ ಹೊಟ್ಟೆಯ ಮೇಲೆ ಬೆಳಕು ಬಿದ್ದ ಕಡೆ ತಾಮ್ರ ಕೆಂಪಗೆ ಉರಿಯುತ್ತದೆ. ಬದಿಗೆ ಸರಿದಂತೆ ಕಂದಾಗಿ, ಹಸುರು ಮಿಶ್ರವಾಗಿ, ಕಡೆಗೆ ಗೋಡೆಯ ನೆರಳಿನಲ್ಲಿ ಕರಗುತ್ತದೆ. ಬಚ್ಚಲ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದವರು ಯಾರೇ ಆಗಲಿ, ಈ ಕೆಂಪು ಎಲ್ಲಿಯವರೆಗೆ ಹೋಗಿ ಎಲ್ಲಿ ನಿಲ್ಲುತ್ತದೆಂಬುದನ್ನು ಬಲ್ಲರು. ಶಾರ್ದ್ಯಾಂ ಅದನ್ನು ಬಲ್ಲವನಂತೆ ಬರೆದಿದ್ದಾನೆ. ಇತರರು ದೇವಾನುದೇವತೆಗಳ ಮೈಬಣ್ಣಕ್ಕೆ ಕೊಟ್ಟ ಗಮನವನ್ನು ಇವನು ಈ ಲೋಹದ ಮೈಗೆ ಕೊಟ್ಟಿದ್ದಾನೆ.

ಇನ್ನೊಂದು, 1761ರ ಸುಮಾರಿನದು. ಅಮೆರಿಕದ ಪಿಟ್ಸ್‌ಬರ್ಗಿನ ಸಂಗ್ರಹಾಲಯದಲ್ಲಿದೆ. ಒಂದು ಗಾಜಿನ ಲೋಟದಲ್ಲಿ ನೀರು. ಪಕ್ಕದಲ್ಲಿ ಕಂದುಬಣ್ಣದ ಕಾಫಿಯ ಹೂಜಿ. ಮುಂದೆ ಬೆಳ್ಳುಳ್ಳಿಯ ಗಡ್ಡೆಗಳು. ನೀರಿಗೆ ತನ್ನದೆಂಬ ಬಣ್ಣವಿಲ್ಲ. ಹಿಂದಿನ ಗೋಡೆ, ಪಕ್ಕದ ಹೂಜಿ, ಎದುರಿನ ಬೆಳಕು ಇವುಗಳಿಂದ ಕಡ ತಂದ ಬಣ್ಣದಲ್ಲೇ ಅದನ್ನು ತೋರಿಸಬೇಕು. ಶಾರ್ದ್ಯಾಂನ ರಹಸ್ಯವೆಲ್ಲ ಈ ಲೋಟದಲ್ಲಿದೆಯೆಂದು ನನಗೆ ತೋರುತ್ತದೆ. ಅವನಲ್ಲಿ ಯಾವ ವಸ್ತುವೂ ಒಂಟಿಯಲ್ಲ. ಹಣ್ಣಿನ ಕೆಂಪು ಪಾತ್ರೆಯ ಹೊಟ್ಟೆಯಲ್ಲಿ ಮಿನುಗುತ್ತದೆ. ಪಾತ್ರೆಯ ಕಂದು ಹಣ್ಣಿನ ನೆರಳಿಗೆ ಇಳಿಯುತ್ತದೆ. ಒಂದೇ ಮನೆಯಲ್ಲಿ ಬಹುಕಾಲ ಬಾಳಿದವರಂತೆ ಅವು ಒಂದರ ಬಣ್ಣವನ್ನೊಂದು ಹಂಚಿಕೊಂಡಿವೆ.

ಅವನು ಬಹಳ ನಿಧಾನವಾಗಿ ಕೆಲಸ ಮಾಡುತ್ತಿದ್ದ; ಬರೆದದ್ದೂ ಕಡಿಮೆ. ಅದೇ ಕುಟ್ಟಾಣಿ, ಅದೇ ಬಾಣಲೆ ವರ್ಷಗಟ್ಟಲೆ ಅವನ ಚಿತ್ರಗಳಲ್ಲಿ ಬಂದು ಹೋಗುತ್ತವೆ. ಬಣ್ಣಗಳ ಗುಟ್ಟನ್ನು ಕುರಿತು ಹೆಮ್ಮೆಯಿಂದ ಮಾತನಾಡಿದ ಒಬ್ಬನಿಗೆ, ಬಣ್ಣ ಕೇವಲ ಸಾಧನ, ಚಿತ್ರ ಬರೆಯುವುದು ಭಾವದಿಂದ ಎಂಬರ್ಥದ ಉತ್ತರ ಕೊಟ್ಟನೆಂದು ಅವನ ಮಿತ್ರ ಕೋಶ್ಯಾಂ ಬರೆದಿಟ್ಟಿದ್ದಾನೆ. ಆ ಕಾಲದ ದೊಡ್ಡ ವಿಚಾರವಂತನಾದ ದಿದೆರೋ 1763ರ ಪ್ರದರ್ಶನದಲ್ಲಿ ಇವನ ಚಿತ್ರಗಳ ಮುಂದೆ ಬೆರಗಾಗಿ ನಿಂತ. ಹತ್ತಿರ ಹೋದರೆ ಎಲ್ಲವೂ ಕಲಸಿ, ಚಪ್ಪಟೆಯಾಗಿ, ಮಾಯವಾಗುತ್ತದೆ. ದೂರ ಸರಿದರೆ ಮತ್ತೆ ರೂಪ ತಳೆಯುತ್ತದೆ—ಇದು ಅವನು ಕಂಡ ಸೋಜಿಗ. ಆದರೆ ಅದೇ ದಿದೆರೋ ಇನ್ನೊಂದೆಡೆ, ಈ ಬಗೆಯ ಚಿತ್ರಕ್ಕೆ ತಾಳ್ಮೆ ಅಭ್ಯಾಸಗಳಷ್ಟೇ ಸಾಕು, ಇದು ಮುದುಕರಿಗೆ ತಕ್ಕದ್ದು ಎಂಬರ್ಥದ ಮಾತನ್ನೂ ಆಡಿದ್ದಾನೆ. ಕಣ್ಣು ಒಪ್ಪಿದ್ದನ್ನು ಬುದ್ಧಿ ಒಪ್ಪಲಿಲ್ಲ. ಸೋಪಾನದ ಮೇಲಿನ ಭಕ್ತಿ ಅಂಥ ವಿಮರ್ಶಕನನ್ನೂ ಪೂರ್ತಿ ಬಿಟ್ಟಿರಲಿಲ್ಲ.

ಈ ಸೋಪಾನದ ಹಿಂದೆ ಇನ್ನೊಂದು ಸೋಪಾನವಿತ್ತು, ಅದನ್ನು ಮರೆಯಬಾರದು. ಹಂಡೆಗೆ ನೀರು ತುಂಬಿದವರು ಯಾರು? ಕುಟ್ಟಾಣಿಯಲ್ಲಿ ಕುಟ್ಟಿದವರು ಯಾರು? ಅಡುಗೆಮನೆಯ ವಸ್ತುಗಳು ಕೀಳೆಂದು ತೀರ್ಮಾನಿಸಿದಾಗ ಅವುಗಳ ನಡುವೆ ಬಾಳು ಸವೆಸಿದವರ ಬಗೆಗೂ ಒಂದು ತೀರ್ಮಾನ ತಾನಾಗಿ ಆಗಿಹೋಗುತ್ತದೆ. ಹೆಂಗಸರು ಚಿತ್ರಕಲೆ ಕಲಿಯಹೊರಟಾಗ ಅದು ಬಯಲಾಯಿತು. ನಗ್ನದೇಹವನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುವ ಅವಕಾಶ ಅವರಿಗಿರಲಿಲ್ಲ. ಆ ಅಭ್ಯಾಸವಿಲ್ಲದೆ ಪುರಾಣಚಿತ್ರ ಬರೆಯಲಾಗದು. ಉಳಿದದ್ದು ಕೆಳಗಿನ ಮೆಟ್ಟಿಲು. 1770ರಲ್ಲಿ ಆನ್ ವಲಾಯೆ ಎಂಬ ತರುಣಿ ವಸ್ತುಚಿತ್ರಗಳ ಬಲದಿಂದಲೇ ಅಕಾಡೆಮಿಯ ಸದಸ್ಯಳಾದಳು. ಮಹಿಳಾ ಸದಸ್ಯರ ಸಂಖ್ಯೆ ಒಮ್ಮೆಗೆ ನಾಲ್ಕನ್ನು ಮೀರಬಾರದೆಂಬ ನಿಯಮವನ್ನೂ ಅಕಾಡೆಮಿ ಮಾಡಿಕೊಂಡಿತು.

ಇವಳಿಗಿಂತ ಒಂದೂವರೆ ಶತಮಾನ ಮೊದಲೇ ಆಂಟ್‌ವರ್ಪಿನ ಕ್ಲಾರಾ ಪೇಟರ್ಸ್ ಗಿಣ್ಣು, ಬಾದಾಮಿ, ಮೀನು, ಲೋಹದ ಪಾತ್ರೆಗಳನ್ನು ಬರೆಯುತ್ತಿದ್ದಳು. ಅವಳ ಜೀವನದ ವಿವರಗಳು ಹೆಚ್ಚು ಉಳಿದಿಲ್ಲ. ಆದರೆ ಅವಳ ಕೆಲವು ಚಿತ್ರಗಳಲ್ಲಿ ಹೂಜಿಯ ಮುಚ್ಚಳವನ್ನೋ ಬಟ್ಟಲಿನ ಉಬ್ಬನ್ನೋ ಹತ್ತಿರದಿಂದ ನೋಡಿದರೆ, ಹೊಳೆಯುವ ಲೋಹದಲ್ಲಿ ಕಾಳಿನಷ್ಟು ಚಿಕ್ಕದಾದ ಒಬ್ಬ ಹೆಂಗಸಿನ ಪ್ರತಿಬಿಂಬ ಕಾಣಿಸುತ್ತದೆ. ಅದು ಅವಳೇ. ಮನುಷ್ಯರಿಲ್ಲದ ಚಿತ್ರವೆಂದು ಪಂಡಿತರು ಕೆಳಗೆ ಕೂರಿಸಿದ ಚಿತ್ರದೊಳಗೆ ಆ ಹೆಂಗಸು ನಾಲ್ಕು ನೂರು ವರ್ಷದಿಂದ ನಮ್ಮನ್ನೇ ನೋಡುತ್ತಿದ್ದಾಳೆ. ಮ್ಯಾಡ್ರಿಡ್ಡಿನ ಪ್ರಾದೊ ಸಂಗ್ರಹಾಲಯ ಒಬ್ಬ ಮಹಿಳೆಯ ಚಿತ್ರಗಳಿಗೇ ಮೀಸಲಾದ ಪ್ರದರ್ಶನವನ್ನು ಮೊದಲ ಸಲ ಏರ್ಪಡಿಸಿದ್ದು 2016ರಲ್ಲಿ. ಅದು ಇವಳ ಚಿತ್ರಗಳದು.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ, ಅದು ಹಗುರವಾದದ್ದಲ್ಲ. ಶಾರ್ದ್ಯಾಂ ತೀರಿಕೊಂಡದ್ದು 1779ರಲ್ಲಿ. ಹತ್ತು ವರ್ಷದ ಮೇಲೆ ಫ್ರಾನ್ಸಿನ ಮಹಾಕ್ರಾಂತಿ. ಊರಿನಲ್ಲಿ ರೊಟ್ಟಿಗೆ ಹಾಹಾಕಾರವೇಳುತ್ತಿದ್ದ ಕಾಲದಲ್ಲಿ ಪೀಚ್ ಹಣ್ಣಿನ ಮೇಲಿನ ನವಿರನ್ನು ಬರೆಯುತ್ತ ಕೂರುವುದು ಲೋಕದಿಂದ ತಪ್ಪಿಸಿಕೊಳ್ಳುವ ಉಪಾಯವಲ್ಲವೆ? ಆ ಕಂದು ಹೂಜಿಯೊಳಗಿನ ಕಾಫಿಯನ್ನೇ ತೆಗೆದುಕೊಳ್ಳಿ. ಅಂದಿನ ಪ್ಯಾರಿಸ್ಸು ಕುಡಿಯುತ್ತಿದ್ದ ಕಾಫಿಯ ಬಹುಭಾಗ ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳ ತೋಟಗಳಿಂದ. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಕ್ಲಾಸನ ಪೊಟ್ಟಣದ ಮೆಣಸಿನಂತೆ ಈ ಹೂಜಿಯ ಹಿಂದೆಯೂ ಸಮುದ್ರವಿದೆ, ಹಡಗಿದೆ, ಬೆವರಿದೆ. ಚಿತ್ರ ಅದನ್ನು ಹೇಳುವುದಿಲ್ಲ.

ಹೇಳುವುದಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಹೂಜಿಯನ್ನು ನೋಡದೆ ಕಾಫಿ ಕುಡಿದವರು ಲಕ್ಷಾಂತರ. ಅದು ಎಲ್ಲಿಂದ ಬಂತೆಂದು ಕೇಳಬೇಕಾದರೆ ಮೊದಲು ಅದು ಇದೆಯೆಂದಾದರೂ ಕಾಣಬೇಕು. ಶಾರ್ದ್ಯಾಂ ನಮ್ಮನ್ನು ಅಲ್ಲಿಯವರೆಗೆ ಕರೆತರುತ್ತಾನೆ. ಮುಂದಿನ ಪ್ರಶ್ನೆ ನಮ್ಮದು. ಮಾರ್ಸೆಲ್ ಪ್ರೂಸ್ತ್ ತನ್ನ ತಾರುಣ್ಯದಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಊಟ ಮುಗಿದ ಮೇಜಿನ ಎಂಜಲು ತಟ್ಟೆಗಳನ್ನು ಕಂಡು ಬೇಸರಗೊಂಡ ಯುವಕನೊಬ್ಬನನ್ನು ಶಾರ್ದ್ಯಾಂನ ಚಿತ್ರಗಳ ಮುಂದೆ ನಿಲ್ಲಿಸಬೇಕೆನ್ನುತ್ತಾನೆ. ಆ ಚಿಕಿತ್ಸೆಯ ಫಲ ಇಷ್ಟೆ: ಹಿಂದಿರುಗಿದ ಮೇಲೆ ಆ ಯುವಕನಿಗೆ ತನ್ನ ಮನೆ ಕಾಣಿಸತೊಡಗುತ್ತದೆ.

ನೋಡುವ ಈ ಶಿಸ್ತು ಮನುಷ್ಯರ ವಿಷಯದಲ್ಲೂ ಶಾರ್ದ್ಯಾಂನನ್ನು ಮೃದುಗೊಳಿಸಿತೆನ್ನುವುದಕ್ಕೆ ಆಧಾರವಿದೆ. ಅಕಾಡೆಮಿಯ ಪ್ರದರ್ಶನಗಳಲ್ಲಿ ಎಲ್ಲರ ಚಿತ್ರಗಳನ್ನೂ ಗೋಡೆಗೆ ಹೊಂದಿಸಿ ತೂಗುಹಾಕುವ ಕೆಲಸ ಬಹುಕಾಲ ಇವನದಾಗಿತ್ತು. 1765ರ ಪ್ರದರ್ಶನದ ಬಗ್ಗೆ ಬರೆಯುವಾಗ ದಿದೆರೋ ಅವನ ಮಾತೊಂದನ್ನು ವಿವರವಾಗಿ ವರದಿ ಮಾಡಿದ್ದಾನೆ. ತೀರ್ಪು ಹೇಳುವಾಗ ಸ್ವಲ್ಪ ಸೌಮ್ಯರಾಗಿರಿ. ಇಲ್ಲಿರುವ ಅತ್ಯಂತ ಕೆಟ್ಟ ಚಿತ್ರವನ್ನು ಹುಡುಕಿ ನೋಡಿ. ಅಷ್ಟು ಕೆಟ್ಟದಾಗಿಯಾದರೂ ಬರೆಯಲಾರದೆ ಹತಾಶರಾಗಿ ಕುಂಚ ಮುರಿದವರು ಸಾವಿರಾರು ಮಂದಿ ಇದ್ದಾರೆಂಬುದನ್ನು ನೆನೆಯಿರಿ ಎಂಬುದು ಅದರ ತಾತ್ಪರ್ಯ. ಕೆಳಮೆಟ್ಟಿಲಲ್ಲಿ ನಿಂತವನಿಗೇ ಹೊಳೆಯಬಹುದಾದ ಮಾತು.

ಮುಂದಿನ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ಅಕಾಡೆಮಿ 1793ರಲ್ಲಿ ಕ್ರಾಂತಿಯ ಕೈಯಲ್ಲಿ ರದ್ದಾಯಿತು; ಅದರ ಸೋಪಾನ ಇನ್ನೂ ಬಹುಕಾಲ ಜನರ ಮನಸ್ಸಿನಲ್ಲಿ ನಿಂತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎಕ್ಸ್ ಊರಿನ ಸೆಜಾನ್ ಸೇಬು ಹಣ್ಣುಗಳನ್ನು ಬೆಟ್ಟಗಳಂತೆ ಕಟ್ಟಿದ. ಮೇಜಿನ ಒಂದಂಚು ಇನ್ನೊಂದಂಚಿಗೆ ಹೊಂದದಿದ್ದರೂ ಚಿಂತಿಸಲಿಲ್ಲ. ಆ ಸೇಬುಗಳಿಂದ ಆಧುನಿಕ ಚಿತ್ರಕಲೆಯ ಒಂದು ಹೆದ್ದಾರಿಯೇ ಹೊರಟಿತು. ನಮಗೆ ಇನ್ನೂ ಹತ್ತಿರದ ಕಾಲದಲ್ಲಿ, 1964ರಲ್ಲಿ ತೀರಿಕೊಂಡ ಇಟಲಿಯ ಮೊರಾಂದಿ, ಬೊಲೋನ್ಯದ ಮನೆಯಲ್ಲಿ ತನ್ನ ಮೂವರು ಸೋದರಿಯರೊಡನೆ ಇದ್ದು, ಮಲಗುವ ಕೋಣೆಯಲ್ಲೇ ಕೆಲಸ ಮಾಡುತ್ತ, ಕೆಲವು ಸೀಸೆ ಡಬ್ಬಿ ಹೂಜಿಗಳನ್ನು ಅತ್ತಿತ್ತ ಸರಿಸಿಡುತ್ತ ಆಯುಷ್ಯವನ್ನೇ ಕಳೆದ. ಅವುಗಳ ಮೇಲಿನ ಧೂಳನ್ನೂ ಒರೆಸಗೊಡುತ್ತಿರಲಿಲ್ಲವಂತೆ. ಎರಡು ಮಹಾಯುದ್ಧಗಳು ಹಾದುಹೋದ ಶತಮಾನದಲ್ಲಿ ಆ ಸೀಸೆಗಳು ಒಂದನ್ನೊಂದು ಒತ್ತಿ ನಿಂತಿರುವ ರೀತಿಯನ್ನು ಕಂಡರೆ, ಹೆದರಿ ಗುಂಪುಗೂಡಿದ ಮನೆಮಂದಿಯನ್ನು ಕಂಡಂತೆ ನನಗಾಗುತ್ತದೆ.

ಕೊನೆಗೆ ಬೆಲೆಯ ಮಾತು. 1761ರಲ್ಲಿ ಶಾರ್ದ್ಯಾಂ ಪ್ರದರ್ಶಿಸಿದ ಒಂದು ಚಿತ್ರದಲ್ಲಿ, ಬೆತ್ತದ ಬುಟ್ಟಿಯಲ್ಲಿ ಗೋಪುರದಂತೆ ಪೇರಿಸಿದ ಕಾಡು ಸ್ಟ್ರಾಬೆರಿ. ಎಡಕ್ಕೆ ಒಂದು ಲೋಟ ನೀರು. ಎರಡು ಬಿಳಿಯ ಹೂವು. ಬಲಕ್ಕೆ ಒಂದು ಪೀಚ್, ಎರಡು ಚೆರಿ. ಬಹುಕಾಲ ಖಾಸಗಿಯವರ ಕೈಯಲ್ಲಿದ್ದ ಈ ಚಿತ್ರ 2022ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 2 ಕೋಟಿ 40 ಲಕ್ಷ ಯೂರೋಗಳಿಗೂ ಮಿಕ್ಕಿದ ಬೆಲೆಗೆ ಹೋಯಿತು. ದೇಶದಿಂದ ಹೊರಹೋಗದಂತೆ ಫ್ರೆಂಚ್ ಸರ್ಕಾರ ಅದನ್ನು ರಾಷ್ಟ್ರೀಯ ನಿಧಿಯೆಂದು ಸಾರಿತು. 2024ರಲ್ಲಿ ಅದು ಲೂವ್ರ್ ಸಂಗ್ರಹಾಲಯವನ್ನು ಸೇರಿತು. ಹಣದ ಬಹುಭಾಗವನ್ನು ದೊಡ್ಡವರು ಕೊಟ್ಟರು, ನಿಜ. ಆದರೆ ಸುಮಾರು ಹತ್ತು ಸಾವಿರ ಮಂದಿ ಸಾಮಾನ್ಯರೂ ತಮ್ಮ ಕೈಲಾದಷ್ಟನ್ನು ಕೊಟ್ಟರು. ನನಗೆ ಆ ಕೋಟಿಗಳಿಗಿಂತ ಈ ಹತ್ತು ಸಾವಿರವೇ ದೊಡ್ಡದಾಗಿ ಕಾಣುತ್ತದೆ.

ಬುಟ್ಟಿಯಲ್ಲಿದ್ದ ಹಣ್ಣನ್ನು ಆ ಬೇಸಿಗೆಯಲ್ಲೇ ಯಾರೋ ತಿಂದಿರಬೇಕು, ಇಲ್ಲವೆ ಅದು ಎರಡು ದಿನದಲ್ಲಿ ಕೊಳೆತಿರಬೇಕು. ಆ ವರ್ಷ ದೊಡ್ಡ ದೊಡ್ಡ ಪಟಗಳಲ್ಲಿ ಬರೆದ ವೀರರೂ ದೇವತೆಗಳೂ ಎಲ್ಲಿದ್ದಾರೆಂದು ಕೇಳುವವರು ಈಗ ವಿರಳ. ಲೋಟದಲ್ಲಿ ನೀರು ಮಾತ್ರ ಇನ್ನೂ ನಿಂತಿದೆ. ಕುಡಿಯಲೆಂದು ಯಾರೋ ಈಗತಾನೆ ತುಂಬಿಟ್ಟು ಒಳಗೆ ಹೋದಂತಿದೆ.